ಗಿನಾಳ ವಿಳಾಸ

ಗಿನಾ ಎಂಬ ಹೆಂಗಸು ಈ ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂದು ನಮಗೆ ತಿಳಿಯುವ ಹೊತ್ತಿಗೆ ನಾವು ಅವಳ ಮಗಳಿಗೆ ಉಣ್ಣೆಯ ಕಾಲುಚೀಲ ಹೆಣೆದು ಮುಗಿಸಿದ್ದೆವು. ಊರಿಗೆಲ್ಲ ಇದು ನಗುವ ವಿಷಯವಾಯಿತು. ನಗಲಿ. ನಕ್ಕವರು ಆಮೇಲೆ ಏನು ಮಾಡಿದರು, ನಾವು ಏನು ಮಾಡಿದೆವು ಎಂಬುದನ್ನೂ ಹೇಳಿಬಿಡುತ್ತೇನೆ.

ನನ್ನ ಹೆಸರು ಪೆತ್ರಿಯಾ. ಡೆನ್ಮಾರ್ಕಿನ ಹಾರ್ಸೆನ್ಸ್ ಊರಲ್ಲಿ, ಬಂದರಿನ ಬೀದಿಯ ಚುರುಟಿನ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಎಲೆ ಬಿಡಿಸುವ ಕೆಲಸ ನನ್ನದು. ಗಂಡನಿಲ್ಲ, ಮಗಳಿದ್ದಾಳೆ. ಬೊದಿಲ್ ಅಂತ. ಗಂಡನಿಲ್ಲದೆ ಮಗಳಿದ್ದರೆ ನಮ್ಮಲ್ಲಿ ಮಕ್ಕಳ ಮಂಡಳಿಯವರು ಮನೆಗೆ ಬರುತ್ತಾರೆ. ಲಾಸೆನ್ ಮೇಡಂ ಬರುತ್ತಿದ್ದರು. ಹಾಸಿಗೆಯ ಕೆಳಗೆ ಬೆರಳಾಡಿಸಿ ಧೂಳು ನೋಡುತ್ತಿದ್ದರು. ಹೊರಡುವಾಗ ಪ್ರತಿ ಸಲವೂ ಒಂದೇ ಮಾತು. "ಕೆಲ್ಸ ಇರೋವರೆಗೆ ಮಗು ನಿನ್ಹತ್ರ ಇರುತ್ತೆ, ಪೆತ್ರಿಯಾ. ಕೆಲ್ಸ ಹೋಯ್ತೋ, ಹಳ್ಳಿ ಕಡೆ ಅನಾಥಾಲಯಕ್ಕೆ." ಇದನ್ನು ಅವರು ಬೆದರಿಕೆಯಾಗಿ ಹೇಳುತ್ತಿರಲಿಲ್ಲ. ಬಸ್ಸಿನ ವೇಳೆ ಹೇಳುವ ಹಾಗೆ ಹೇಳುತ್ತಿದ್ದರು.

ಎಲೆ ಬಿಡಿಸುವುದೆಂದರೆ ಇಷ್ಟೆ. ಹಿಂದಿನ ದಿನ ನೀರು ಚಿಮುಕಿಸಿ ಗೋಣಿಯಡಿ ಮುಚ್ಚಿಟ್ಟ ತಂಬಾಕಿನ ಎಲೆ. ಅದನ್ನು ಮೊಣಕಾಲ ಮೇಲೆ ಹರಡಬೇಕು. ತುದಿಯಲ್ಲಿ ನಡುನರವನ್ನು ಉಗುರಿನಿಂದ ಎತ್ತಿ, ಬೆರಳಿಗೆ ಸುತ್ತಿ, ಒಂದೇ ಸಲಕ್ಕೆ ಎಳೆಯಬೇಕು. ಎಲೆ ಹರಿಯಬಾರದು. ಎಡಗಡೆಯ ಹೋಳು ಒಂದು ರಾಶಿ, ಬಲಗಡೆಯದು ಇನ್ನೊಂದು. ಹರಿದರೆ ಕೂಲಿಯಲ್ಲಿ ಹಿಡಿಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ಇದನ್ನೇ ಮಾಡಬೇಕು. ಗಾಳಿ ಬಂದರೆ ಎಲೆ ಒಣಗುತ್ತದೆಂದು ಕಿಟಕಿಗೆ ಮೊಳೆ ಹೊಡೆದಿದ್ದರು. ಹೊಸಬರು ಮೊದಮೊದಲು ವಾಂತಿ ಮಾಡಿಕೊಳ್ಳುತ್ತಾರೆ. ಹಳಬರು ಕೆಮ್ಮುತ್ತಾರೆ. ಕೈಗೆ ಹತ್ತಿದ ಕಂದು ಬಣ್ಣ ಯಾವ ಸಾಬೂನಿಗೂ ಹೋಗುವುದಿಲ್ಲ. ಶನಿವಾರದ ಕುಣಿತಕ್ಕೆ ಹೋದರೆ ಗಂಡಸರು ಮೊದಲು ನಮ್ಮ ಮುಖ ನೋಡುತ್ತಿದ್ದರು, ಆಮೇಲೆ ಕೈ ನೋಡುತ್ತಿದ್ದರು, ಆಮೇಲೆ ಬೇರೆ ಕಡೆ ನೋಡುತ್ತಿದ್ದರು.

ಚುರುಟು ಸುತ್ತುವವರು ಮೇಲಿನ ಮಹಡಿಯಲ್ಲಿ. ಅವರೆಲ್ಲ ಗಂಡಸರು. ಅವರಿಗೆ ಕಿಟಕಿ ಇತ್ತು, ಸಂಘ ಇತ್ತು, ಓದುವವನಿದ್ದ. ಚುರುಟಿನವರ ಹಳೆಯ ಪದ್ಧತಿ ಅದು. ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ. ಅದಕ್ಕೇ ಒಬ್ಬ ಗಟ್ಟಿಯಾಗಿ ಓದುತ್ತಾನೆ, ಉಳಿದವರು ಅವನ ಪಾಲಿನ ಚುರುಟನ್ನೂ ಸುತ್ತಿಕೊಡುತ್ತಾರೆ. ನಮ್ಮಲ್ಲಿ ಓದುತ್ತಿದ್ದವನು ಆಂಕರ್. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಪುಸ್ತಕ.

ನಮ್ಮ ಪೈಕಿ ಹಿರಿಯಳಾದ ವಾಲ್ಬೋರ್ಗಕ್ಕ ಒಮ್ಮೆ ಮೇಲೆ ಹೋಗಿ ಕೇಳಿದ್ದಳು, ವಾರಕ್ಕೊಂದು ದಿನ ಆಂಕರ್ ನಮ್ಮಲ್ಲೂ ಓದಲಿ ಎಂದು. ಸಂಘದ ಅಧ್ಯಕ್ಷ ಮಾರಿಯುಸ್ ಉತ್ತರ ಕೊಟ್ಟಿದ್ದ.

"ಅವನು ಕೆಳಗೆ ಓದಿದ್ರೆ ಅವನ ಚುರುಟು ಯಾರು ಸುತ್ತೋದು? ನಿಮಗೆ ಸುತ್ತೋಕೆ ಬರುತ್ತಾ?"

"ಕಲಿಸಿಕೊಟ್ರೆ ಬರುತ್ತೆ."

"ಹೆಂಗಸರಿಗೆ ಕಲಿಸೋ ಹಾಗಿಲ್ಲ, ಸಂಘದ ನಿಯಮ."

"ಹಾಗಾದ್ರೆ ಸಂಘಕ್ಕೆ ಸೇರಿಸ್ಕೊಳ್ಳಿ."

"ಸುತ್ತೋಕೆ ಬರೋರನ್ನ ಮಾತ್ರ ಸೇರಿಸ್ಕೊಳ್ಳೋದು."

ವಾಲ್ಬೋರ್ಗಕ್ಕ ಇಳಿದು ಬಂದು ಕೂತು ಎಲೆ ಎಳೆದಳು. 

ಯುದ್ಧದ ಕಾಲ. ಜರ್ಮನರು ಬಂದು ಮೂರು ವರ್ಷ ದಾಟಿತ್ತು. ನಮ್ಮ ದೇಶಕ್ಕೆ ಅವರು ಸಭ್ಯವಾಗಿ ಬಂದರು ಎಂದು ದೊಡ್ಡವರು ಹೇಳುತ್ತಿದ್ದರು. ರಾಜ ಅರಮನೆಯಲ್ಲೇ ಇದ್ದ. ಸರ್ಕಾರ ನಮ್ಮದೇ, ಪೊಲೀಸರೂ ನಮ್ಮವರೇ. ಬೆಣ್ಣೆ ಮಾತ್ರ ಅವರದಾಯಿತು. ಹಡಗು ನಿಂತು ಹೊರದೇಶದ ಎಲೆ ಬರುವುದು ನಿಂತಿತು. ಎಷ್ಟೋ ಚುರುಟಿನ ಕಾರ್ಖಾನೆಗಳು ಮುಚ್ಚಿದವು. ನಮ್ಮದು ಮುಚ್ಚಲಿಲ್ಲ. ಜರ್ಮನರ ಹದ್ದಿನ ಮುದ್ರೆ ಒತ್ತಿದ ಪೆಟ್ಟಿಗೆಗಳಲ್ಲಿ ಎಲೆ ಬರುತ್ತಿತ್ತು, ಚುರುಟಾಗಿ ಅದೇ ಪೆಟ್ಟಿಗೆಗಳಲ್ಲಿ ಅವರ ಅಧಿಕಾರಿಗಳಿಗೆ ಹೋಗುತ್ತಿತ್ತು. ಯಜಮಾನರು ಇದನ್ನು ವ್ಯಾಪಾರ ಎಂದರು. ಮೇಲಿನ ಗಂಡಸರು ಹೊಟ್ಟೆಪಾಡು ಎಂದರು. ನಮ್ಮನ್ನು ಯಾರೂ ಕೇಳಲಿಲ್ಲ.

ಬಿಡಿಸಿದ ಎಲೆಯನ್ನು ತಟ್ಟೆಯಲ್ಲಿಟ್ಟು ಹಗ್ಗ ಎಳೆದು ಮೇಲಕ್ಕೆ ಕಳಿಸಲು ಗೋಡೆಯೊಳಗೆ ಒಂದು ಕಿಂಡಿ ಇತ್ತು. ಆ ಬೇಸಿಗೆ ಸೆಖೆ ಜಾಸ್ತಿಯಾಗಿ ಮೇಲಿನವರು ಅದರ ಬಾಗಿಲು ತೆರೆದೇ ಬಿಟ್ಟರು. ಆಂಕರ್‌ನ ಸ್ವರ ಹಗ್ಗದ ಜೊತೆಗೆ ಕೆಳಗಿಳಿಯಿತು. ನಾವು ಕೆಮ್ಮು ಬಂದರೆ ಏಪ್ರನ್ನಿಗೆ ಬಾಯಿ ಒತ್ತಿಕೊಂಡು ಕೇಳಿದೆವು. ನಮ್ಮ ಪಾಲಿನ ಚುರುಟು ಕೊಡದೆ ಕೇಳಿದ್ದರಿಂದ ಇದು ಕಳ್ಳತನವೇ. ಆದರೆ ಸೊಗಸಾಗಿತ್ತು.

ಆಂಕರ್ ಒಳ್ಳೆಯ ಓದುಗ. ಒಂದೇ ದೋಷ, ಏನು ಓದಿದರೂ ಒಂದೇ ಸ್ವರ. ರಾಜನ ಹುಟ್ಟುಹಬ್ಬ, ಮೀನಿನ ದರ, ಯಾರದೋ ಸಾವು, ಎಲ್ಲ ಒಂದೇ. ಕ್ವಿಸ್ಟ್ ಮೇಸ್ತ್ರಿ ಊಟಕ್ಕೆ ಮನೆಗೆ ಹೋದ ಮೇಲೆ ಅವನು ಚೀಲದಿಂದ ಕಳ್ಳ ಪತ್ರಿಕೆ ತೆಗೆಯುತ್ತಿದ್ದ. ನಾರ್ವೆಯ ಸುದ್ದಿ, ಅಲ್ಲಿಯೂ ಜರ್ಮನರು ಹಿಡಿದವರ ಸುದ್ದಿ, ಕೊಂದವರ ಸುದ್ದಿ. ಅದೇ ಚೀಲದಿಂದ ಜುಲೈ ತಿಂಗಳಲ್ಲಿ ಇನ್ನೊಂದು ಕಟ್ಟು ಕಾಗದ ಬಂತು. ಟೈಪು ಮಾಡಿದ್ದು, ಸ್ವೀಡನ್ನಿನಿಂದ ಕದ್ದು ತಂದದ್ದು. ಅದನ್ನು ಶುರು ಮಾಡಿದ ದಿನ ಕಿಂಡಿಯ ಹಗ್ಗ ರಿಪೇರಿಯಾಗುತ್ತಿತ್ತು, ಬಾಗಿಲು ಹಾಕಿತ್ತು. ಮಾರನೆ ದಿನದಿಂದ ನಮಗೆ ಕೇಳಿಸಿತು.

ಗ್ರಾವಿಕ್ ಅಂತ ಒಂದು ಬಂದರು. ನಾರ್ವೆಯಲ್ಲಿ. ಅಲ್ಲಿನ ಹೆಂಗಸರು ಸೈನಿಕರ ಬಟ್ಟೆ ಒಗೆಯುತ್ತಾರೆ. ಒಂದು ಗುಂಡಿ ಹೋಗಿದೆ ಎಂದು ಅಧಿಕಾರಿಯೊಬ್ಬ ಒಬ್ಬ ಮುದುಕಿಯ ಕೆನ್ನೆಗೆ ಹೊಡೆಯುತ್ತಾನೆ. ಮುಂದಿನ ವಾರ ಗಿನಾ ಎಂಬವಳು ಬಟ್ಟೆಯನ್ನು ಒಗೆದು, ಮಡಿಸಿ, ಒದ್ದೆಯಾಗಿಯೇ ತಂದುಕೊಡುತ್ತಾಳೆ. ಅಧಿಕಾರಿ ಕೇಳುತ್ತಾನೆ, ಇದೇನು? ಅವಳು ಹೇಳುತ್ತಾಳೆ, ಒಗೆಯಬೇಕೆಂದಿರಿ, ಒಗೆದೆ. ಒಣಗಿಸಬೇಕೆಂದು ಯಾರೂ ಹೇಳಲಿಲ್ಲ. ಚಳಿಗಾಲ. ಹೊತ್ತು ಮುಳುಗುವುದರೊಳಗೆ ಅಂಗಿಗಳೆಲ್ಲ ಹಲಗೆಯ ಹಾಗೆ ಸೆಟೆದವು. ಮರುದಿನ ಊರಿನ ಅಷ್ಟೂ ಹೆಂಗಸರು ಒದ್ದೆ ಬಟ್ಟೆ ತಂದರು.

ನೆಲಮಾಳಿಗೆಯಲ್ಲಿ ನಾವು ನಕ್ಕ ನಗೆಗೆ ಎಲೆ ಹರಿಯಿತು. ಕೂಲಿಯಲ್ಲಿ ಹಿಡಿದರು. ಹಿಡಿಯಲಿ ಎನಿಸಿತು.

"ಒದ್ದೆ ಚಡ್ಡಿ ಹಾಕ್ಕೊಂಡು ಕವಾಯತು ಮಾಡ್ಬೇಕಿತ್ತು ನೋಡು ಆ ನನ್ಮಕ್ಳು" ಎಂದಳು ಒಬ್ಬಳು.

"ಗಿನಾ ಹೇಗಿರ್ಬಹುದು, ಅಕ್ಕ? ದಪ್ಪಗಿರ್ತಾಳಾ?"

"ಹೇಗಾದ್ರೂ ಇರ್ಲಿ" ಎಂದಳು ವಾಲ್ಬೋರ್ಗಕ್ಕ. "ಕೈ ಮಾತ್ರ ನಮ್ಮ ಕೈ ಹಾಗೇ ಇರುತ್ತೆ."

ಆಗಸ್ಟಿನಲ್ಲಿ ಗಿನಾಳನ್ನು ಹಿಡಿದುಕೊಂಡು ಹೋದರು. ಅವಳ ಪುಟ್ಟ ಮಗಳು ಒಗೆಯುವ ಕಲ್ಲಿನ ಮೇಲೆ ಬರಿಗಾಲಲ್ಲಿ ಕೂತು ಕಾಯುತ್ತಿತ್ತು. ಆಂಕರ್ ಇದನ್ನು ಮೀನಿನ ದರ ಓದಿದ ಹಾಗೆ ಓದಿದ. ಮೇಲೆ ಗಂಡಸರು ಮೂಗು ಸೀಟುವುದು ಕೇಳಿಸಿತು. ನನಗೆ ಎಲೆ ಕಾಣಿಸಲಿಲ್ಲ. ನನ್ನ ಬೊದಿಲ್ ಅದೇ ವಯಸ್ಸಿನವಳು, ನಾನು ಬರುವವರೆಗೆ ಹೀಗೇ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನಾನು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಆಗ ನಮ್ಮಲ್ಲಿ ಎಲ್ಲರೂ ನಾರ್ವೆಗೆ ಏನಾದರೂ ಕಳಿಸುತ್ತಿದ್ದರು. ಅವರಿಗೆ ತಿನ್ನಲೂ ಇಲ್ಲ ಎಂದು ಗೊತ್ತಿತ್ತು. ಓಟ್ಸು, ಹಂದಿಯ ಕೊಬ್ಬು, ಹಳೆಯ ಬಟ್ಟೆ, ಹೀಗೆ. ನಾವು ಮಾಡಿದ್ದೂ ಅದನ್ನೇ. ಬೊದಿಲ್‌ಗೆ ಚಿಕ್ಕದಾದ ಸ್ವೆಟರನ್ನು ನಾನು ಬಿಚ್ಚಿ ಉಣ್ಣೆ ಕೊಟ್ಟೆ. ಒಬ್ಬಳು ಒಂದು ಕಾಲುಚೀಲ, ಇನ್ನೊಬ್ಬಳು ಇನ್ನೊಂದು. ಒಂದು ಸ್ವಲ್ಪ ಉದ್ದವಾಯಿತು. ಬೆಳೆಯುವ ಮಗು ಅಂದುಕೊಂಡೆವು. ಬಾಯಿಗೆ ಹಾಕದೆ ಉಳಿಸಿದ ಸಕ್ಕರೆ ಒಂದು ಪೊಟ್ಟಣ. ಗಿನಾಳಿಗೆಂದು ಒಂದು ಸಾಬೂನು. ಅಷ್ಟೂ ಕಟ್ಟಿ ವಾಲ್ಬೋರ್ಗಕ್ಕ ಮೇಲೆ ಹೊರಟಳು. ಜೊತೆಗೆ ನಾನು.

ಮಹಡಿಯಲ್ಲಿ ಮಧ್ಯಾಹ್ನದ ಓದು ಶುರುವಾಗಿರಲಿಲ್ಲ. ಗಂಡಸರು ಕಪ್ಪು ಬ್ರೆಡ್ಡು ತಿನ್ನುತ್ತಿದ್ದರು.

"ಆಂಕರ್, ನಿನ್ನಿಂದ ಒಂದು ವಿಳಾಸ ಆಗ್ಬೇಕಿತ್ತು" ಎಂದಳು ವಾಲ್ಬೋರ್ಗಕ್ಕ.

"ಯಾರದು?"

"ಗ್ರಾವಿಕ್‌ನ ಗಿನಾದು. ಜೈಲಿಗೆ ಕಳಿಸಿದ್ರೆ ಅವ್ರು ಕಿತ್ಕೋತಾರೆ. ಮಗು ಈಗ ಯಾರ ಮನೇಲಿದೆ ಅಂತ ನಿನ್ನ ಕಾಗದದಲ್ಲಿ ಹಾಕಿರ್ಬೇಕಲ್ಲ?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಾರಿಯುಸ್ ನಕ್ಕ. ಬಾಯಲ್ಲಿದ್ದ ಬ್ರೆಡ್ಡು ಹಲಗೆಯ ಮೇಲೆ ಬಿತ್ತು. ಅವನನ್ನು ನೋಡಿ ಇನ್ನೊಬ್ಬ ನಕ್ಕ, ಆಮೇಲೆ ಇಡೀ ಮಹಡಿ ನಕ್ಕಿತು. ಒಬ್ಬ ಹೊಟ್ಟೆ ಹಿಡಿದುಕೊಂಡು ಕಿಟಕಿಯ ಕಡೆ ಹೋದ. ವಾಲ್ಬೋರ್ಗಕ್ಕ ಕಟ್ಟು ಹಿಡಿದುಕೊಂಡು ನಿಂತಿದ್ದಳು. ನನ್ನ ಕಿವಿ ಕಾದು ಹೋಯಿತು. ಏಕೆ ನಗುತ್ತಾರೆಂದು ಗೊತ್ತಿಲ್ಲದೆ ನಿಲ್ಲುವುದಿದೆಯಲ್ಲ, ಅದು ಕೆನ್ನೆಗೆ ಹೊಡೆಸಿಕೊಂಡದ್ದಕ್ಕಿಂತ ಕೆಟ್ಟದ್ದು.

ಆಂಕರ್ ಒಬ್ಬನೇ ನಗಲಿಲ್ಲ. "ವಾಲ್ಬೋರ್ಗ್" ಎಂದ, "ಅದು ಕಾದಂಬರಿ."

"ಏನು?"

"ಕಾದಂಬರಿ ಓದ್ತಿದ್ದೆ. ಸುದ್ದಿ ಅಲ್ಲ ಅದು. ಯಾರೋ ಕೂತ್ಕೊಂಡು ಬರೆದಿದ್ದು. ನೀವು ಕೇಳಿಸ್ಕೋತಿದ್ರಿ ಅಂತ ನಂಗೆ ಗೊತ್ತಿರ್ಲಿಲ್ಲ."

"ಸಾಬೂನನ್ನ ಕಥೆ ಬರೆದೋನಿಗೆ ಕಳಿಸಮ್ಮಾ, ಮುಖ ತೊಳ್ಕೋತಾನೆ" ಎಂದ ಮಾರಿಯುಸ್. ಮತ್ತೆ ನಗು.

ವಾಲ್ಬೋರ್ಗಕ್ಕ ಅವನ ಕಡೆ ತಿರುಗಲಿಲ್ಲ. "ಅಂದ್ರೆ ಗಿನಾ ಅನ್ನೋಳು ಇಲ್ಲ."

"ಇಲ್ಲ."

"ಒದ್ದೆ ಬಟ್ಟೆ ಯಾರೂ ಕೊಡ್ಲಿಲ್ಲ."

"ಇಲ್ಲ."

"ನಾರ್ವೇಲಿ ಎಲ್ಲೂ?"

"ನಂಗೆ ತಿಳಿದ ಹಾಗೆ, ಇಲ್ಲ."

"ಇಲ್ಲಿ?"

ಆಂಕರ್ ತನ್ನ ಮುಂದಿನ ಹಲಗೆ ನೋಡಿದ. ಅದರ ಮೇಲೆ ಅಧಿಕಾರಿಗಳಿಗೆ ಹೋಗುವ ಚುರುಟುಗಳು ಸಾಲಾಗಿದ್ದವು. ಅವನ ಪಾಲಿಗೆ ಬೇರೆಯವರು ಸುತ್ತಿಕೊಟ್ಟವು.

"ಹಾಗಾದ್ರೆ ಅದನ್ನ ಇನ್ನೂ ಯಾರೂ ಮಾಡಿಲ್ಲ" ಎಂದಳು ವಾಲ್ಬೋರ್ಗಕ್ಕ. "ಬಾರೇ ಪೆತ್ರಿಯಾ."

ಕೆಳಗೆ ಬಂದು ವಿಷಯ ಹೇಳಿದಾಗ ಒಬ್ಬಳು ಸಕ್ಕರೆ ವಾಪಸು ಕೇಳಿದಳು. ಅವಳ ತಪ್ಪೇನಿಲ್ಲ, ಮನೆಯಲ್ಲಿ ಮಕ್ಕಳಿದ್ದವು. ಇನ್ನೊಬ್ಬಳು, ಇಷ್ಟು ದಿನ ಇಲ್ಲದವಳಿಗಾಗಿ ಅತ್ತೆನಲ್ಲಾ ಎಂದು ಮತ್ತೆ ಅತ್ತಳು. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಗಂಡಸರಿಗೆ ಅದು ಕಾದಂಬರಿ ಎಂದು ಮೊದಲ ದಿನದಿಂದ ಗೊತ್ತಿತ್ತು. ಅದಕ್ಕೇ ಅವರು ಹಾಯಾಗಿ ಅತ್ತರು, ಮೂಗು ಸೀಟಿದರು, ಅದೇ ಕೈ ಒರೆಸಿಕೊಂಡು ಹದ್ದಿನ ಪೆಟ್ಟಿಗೆ ತುಂಬಿದರು. ನಮಗೆ ಗೊತ್ತಿರಲಿಲ್ಲ. ನಾವು ಸಾಬೂನು ಹೊಂದಿಸುತ್ತಿದ್ದೆವು.

"ಅವ್ರು ನಕ್ಕಿದ್ದು ನಾವು ನಂಬಿದ್ವಿ ಅಂತ" ಎಂದಳು ವಾಲ್ಬೋರ್ಗಕ್ಕ. "ಇರ್ಲಿ. ನಾನು ಇನ್ನೂ ನಂಬ್ತೀನಿ. ನಾಳೆ ನಾನು ಎಲೆ ಮುಟ್ಟಲ್ಲ. ನಿಮ್ಮಿಷ್ಟ ನಿಮ್ದು."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಎಂದು ಹೇಳಿದರೆ ದೊಡ್ಡಸ್ತಿಕೆಯಾದೀತು. ದಣಿದವರಿಗೆ ನಿದ್ದೆ ಹತ್ತುತ್ತದೆ. ಬೆಳಿಗ್ಗೆ ಎಂದಿನ ಹಾಗೆ ಎದ್ದೆ. ಬೊದಿಲ್‌ಗೆ ಜಡೆ ಹಾಕಿದೆ. ಬಿಗಿಯಾಯಿತು ಎಂದು ಅತ್ತಳು. ಬಿಚ್ಚಿ ಮತ್ತೆ ಹಾಕಿದೆ.

ನೆಲಮಾಳಿಗೆಯಲ್ಲಿ ನಾವು ನಮ್ಮ ನಮ್ಮ ಮಣೆಯ ಮೇಲೆ ಕೂತೆವು. ಎಲೆಯ ಮೇಲಿನ ಗೋಣಿ ತೆಗೆದೆವು. ವಾಲ್ಬೋರ್ಗಕ್ಕ ಸುತ್ತಿಗೆ ತಂದಿದ್ದಳು. ಕಿಟಕಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಸಮುದ್ರದ ಗಾಳಿ ಒಳಗೆ ಬಂತು. ಅಷ್ಟೇ ನಾವು ಮಾಡಿದ ಕೆಲಸ. ಆಮೇಲೆ ಕೈಯನ್ನು ಮಡಿಲಲ್ಲಿಟ್ಟು ಕೂತೆವು. ಎಲೆ ಒಣಗತೊಡಗಿತು. ಒಣಗಿದ ಎಲೆ ಮುಟ್ಟಿದರೆ ಪುಡಿ. ಕೆಲಸವಿಲ್ಲದ ನನ್ನ ಕೈಗಳನ್ನು ನಾನೇ ನೋಡಿಕೊಂಡೆ. ಬೇರೆ ಯಾರದೋ ಕೈ ಎನಿಸಿತು.

ಸ್ವಲ್ಪ ಹೊತ್ತಿಗೆ ಕಿಂಡಿಯಿಂದ ಮಾರಿಯುಸ್‌ನ ಕೂಗು. "ಎಲೆ ಎಲ್ಲಿ?"

"ಇಲ್ಲೇ ಇದೆ."

"ಕಳಿಸಿ ಮತ್ತೆ."

"ಬಂದು ತಗೊಂಡು ಹೋಗು."

ಅವನು ಇಳಿದು ಬಂದ. ಇಷ್ಟು ವರ್ಷದಲ್ಲಿ ನಮ್ಮ ನೆಲಮಾಳಿಗೆಗೆ ಅವನು ಬಂದದ್ದು ಅದೇ ಮೊದಲು. ಬಂದವನೇ ಸೀನಿದ. ಕಣ್ಣಲ್ಲಿ ನೀರು ಬಂತು. ವಿಷಯ ತಿಳಿದು ಮುಖ ಕೆಂಪಾಯಿತು.

"ಮುಷ್ಕರಾನಾ ಇದು? ಸಂಘದ ಒಪ್ಪಿಗೆ ಇಲ್ದೆ ಮುಷ್ಕರ ಮಾಡೋ ಹಾಗಿಲ್ಲ. ಅದಕ್ಕಿಂತ ಮೊದ್ಲು ನೀವು ಸದಸ್ಯರೇ ಅಲ್ಲ. ನಿಮಗೆ ಮುಷ್ಕರದ ಹಕ್ಕೇ ಇಲ್ಲ."

"ಹಾಗಾದ್ರೆ ಇದು ಮುಷ್ಕರ ಅಲ್ಲ ಬಿಡು" ಎಂದಳು ವಾಲ್ಬೋರ್ಗಕ್ಕ. "ಸುಮ್ನೆ ಕೂತಿದೀವಿ."

"ಯಾವಾಗ ಏಳ್ತೀರಿ?"

"ಆ ಹದ್ದಿನ ಪೆಟ್ಟಿಗೆಗಳು ಈ ಕಾರ್ಖಾನೆಗೆ ಬರೋದು ನಿಂತ್ಮೇಲೆ."

ಅವನು ಮತ್ತೊಂದು ಸಲ ಸೀನಿ ಮೇಲೆ ಹೋದ. ಹೋಗಿ ಕ್ವಿಸ್ಟ್ ಮೇಸ್ತ್ರಿಯನ್ನು ಕಳಿಸಿದ. ಮೇಸ್ತ್ರಿ ಬೈಯಲಿಲ್ಲ. ಮೊದಲು ಕಿಟಕಿ ಮುಚ್ಚಿದ. ವಾಲ್ಬೋರ್ಗಕ್ಕ ತೆರೆದಳು. ಅವನು ಮತ್ತೆ ಮುಚ್ಚಿದ. ಅವಳು ಮತ್ತೆ ತೆರೆದಳು. ಆಮೇಲೆ ಅವನು ಒಳ್ಳೆಯ ಮಾತಾಡಿದ.

"ಕಥೆ ಕೇಳ್ಬೇಕಾ ನಿಮಗೆ? ಕಿಂಡಿ ದಿನಾ ತೆಗೆದಿಡಿಸ್ತೀನಿ. ಬೇಕಾದ್ರೆ ಆ ಆಂಕರ್‌ನ ಕೆಳಗೇ ಕೂರಿಸ್ತೀನಿ. ಆಯ್ತಾ?"

ವಾಲ್ಬೋರ್ಗಕ್ಕ ಹಿಂದೆ ಕೇಳಿದ್ದು ಅದನ್ನೇ. ಆಗ ಯಾರೂ ಕೊಟ್ಟಿರಲಿಲ್ಲ.

"ಕೇಳಿ ಆಯ್ತು ಮೇಸ್ತ್ರಿ" ಎಂದಳು ಅವಳು.

"ಇದನ್ನ ಜರ್ಮನರು ಏನಂತ ಕರೀತಾರೆ ಗೊತ್ತಾ? ಬುಡಮೇಲು ಕೃತ್ಯ. ಪೊಲೀಸಿಗೆ ಹೇಳ್ದೆ ನನಗೆ ಬೇರೆ ದಾರಿ ಇಲ್ಲ."

ಯಾರೂ ಏಳಲಿಲ್ಲ. ಮೇಸ್ತ್ರಿ ಮೂರ್ಖನಲ್ಲ. ಗೋಡೆಯಲ್ಲಿ ಬಿರುಕು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ರಾಶಿಯಿಂದ ಇನ್ನೂ ಒದ್ದೆ ಇದ್ದ ಒಂದು ಎಲೆ ಆರಿಸಿ ತಂದು ನನ್ನ ಮೊಣಕಾಲ ಮೇಲೆ ಹರಡಿದ. ಮಗುವಿಗೆ ಹೊದಿಸಿದ ಹಾಗೆ ಮೆಲ್ಲಗೆ ಹರಡಿದ.

"ಪೆತ್ರಿಯಾ, ನಿನಗೆ ಮಗಳಿದ್ದಾಳೆ. ಇವತ್ತು ಕೆಲ್ಸ ಹೋದ್ರೆ ನಾಳೆ ಲಾಸೆನ್ ಮೇಡಂ ಬರ್ತಾರೆ. ನಾನೇ ತಿಳಿಸ್ಬೇಕಾಗುತ್ತೆ, ನಿಯಮ. ಒಂದೇ ಒಂದು ಎಲೆ ಎಳಿ. ನೀನು ಎಳೆದ್ರೆ ಉಳಿದೋರೂ ಎಳೀತಾರೆ. ಯಾರಿಗೂ ಏನೂ ಆಗಲ್ಲ. ವಾಲ್ಬೋರ್ಗ್‌ಗೂ ಏನೂ ಆಗಲ್ಲ."

ಯಾರೂ ನನ್ನ ಕಡೆ ನೋಡಲಿಲ್ಲ. ವಾಲ್ಬೋರ್ಗಕ್ಕ ಕೂಡ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು. ಎಲೆಯ ತಂಪು ಲಂಗ ದಾಟಿ ಚರ್ಮಕ್ಕೆ ತಾಗಿತು. ನನ್ನ ಬೆರಳು ತಾನಾಗಿಯೇ ನಡುನರದ ತುದಿಗೆ ಹೋಯಿತು. ಹನ್ನೆರಡು ವರ್ಷದ ಅಭ್ಯಾಸ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬೊದಿಲ್ ಕಣ್ಣೆದುರು ಬಂದಳು.  ನನಗೆ ಧೈರ್ಯವಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದ್ದದ್ದು ಸಿಟ್ಟು. ನನ್ನ ಮಗಳನ್ನು ಇವನು ಒಂದು ಎಲೆಯ ಜೊತೆಗೆ ತಕ್ಕಡಿಗೆ ಹಾಕಿದನಲ್ಲಾ ಎಂಬ ಸಿಟ್ಟು.

ನಾನು ಮೊಣಕಾಲು ಎರಡನ್ನೂ ಅಗಲಿಸಿದೆ. ಎಲೆ ನೆಲಕ್ಕೆ ಬಿತ್ತು.

"ಜಾರಿಬಿತ್ತು" ಎಂದೆ.

"ಎತ್ಕೋ."

"ಎತ್ಕೊಳ್ಳಲ್ಲ."

ಬಂದ ಪೊಲೀಸರಿಬ್ಬರೂ ನಮ್ಮ ಊರಿನವರೇ. ಒಬ್ಬನ ತಾಯಿ ಹಿಂದೆ ನಮ್ಮ ಜೊತೆಗೇ ಎಲೆ ಬಿಡಿಸುತ್ತಿದ್ದಳು. ಅವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಇದನ್ನ ನಿಮಗೆ ಹೇಳಿಕೊಟ್ಟೋರು ಯಾರು?"

"ಗಿನಾ" ಎಂದಳು ವಾಲ್ಬೋರ್ಗಕ್ಕ.

"ಯಾವ ಗಿನಾ?"

"ಗ್ರಾವಿಕ್‌ನೋಳು. ನಾರ್ವೇಲಿ. ಬಟ್ಟೆ ಒಗೀತಾಳೆ."

ಅವನು ಬರೆದುಕೊಂಡ. "ವಿಳಾಸ?"

"ನಾವೂ ಅದನ್ನೇ ಹುಡುಕ್ತಾ ಇದೀವಿ ಕಣಪ್ಪಾ. ನಿಮಗೆ ಸಿಕ್ಕಿದ್ರೆ ನಮಗೂ ಹೇಳಿ, ಒಂದು ಸಾಬೂನು ಕಳಿಸೋದಿದೆ."

ನಾವು ನಗಲಿಲ್ಲ. ನಕ್ಕಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು. ಅವರು ವಾಲ್ಬೋರ್ಗಕ್ಕನನ್ನು ನಡುವೆ ನಿಲ್ಲಿಸಿಕೊಂಡು ಮೆಟ್ಟಿಲು ಹತ್ತಿಸಿದರು. ಅವಳು ಕೆಮ್ಮಿ ನಿಂತಾಗ ಅವರೂ ನಿಂತರು. ಸಭ್ಯವಾಗಿಯೇ ಕರೆದುಕೊಂಡು ಹೋದರು. ನಮ್ಮನ್ನೆಲ್ಲ ಕೆಲಸದಿಂದ ತೆಗೆದಿದ್ದೇನೆಂದು ಮೇಸ್ತ್ರಿ ಹೇಳಿದ. ಆದರೂ ನಾವು ಕೂತೇ ಇದ್ದೆವು. ಹೋಗಲು ಮನಸ್ಸಾಗಲಿಲ್ಲ.

ಮೇಲೆ ನಿನ್ನೆಯ ಎಲೆ ಸ್ವಲ್ಪ ಉಳಿದಿತ್ತು. ಗಂಡಸರು ಅದನ್ನು ಸುತ್ತುತ್ತಿದ್ದರು. ಎಂದಿನ ಹೊತ್ತಿಗೆ ಆಂಕರ್ ಓದು ಶುರು ಮಾಡಿದ. ಗಿನಾಳನ್ನು ವಿಚಾರಣೆಗೆ ತಂದು ನಿಲ್ಲಿಸುತ್ತಾರೆ, ಅಧಿಕಾರಿ ಕೇಳುತ್ತಾನೆ... ಅಲ್ಲಿಗೆ ಸ್ವರ ನಿಂತಿತು. ಅದೇ ಸಾಲನ್ನು ಮತ್ತೆ ಓದಿದ. ಮತ್ತೆ ನಿಂತಿತು.

"ಮುಂದೆ ಓದೋ" ಎಂದ ಯಾರೋ.

"ನನ್ನ ಕೈಲಾಗಲ್ಲ" ಎಂದ ಆಂಕರ್. ಅಷ್ಟು ವರ್ಷದಲ್ಲಿ ಅವನ ಸ್ವರ ಬದಲಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅವಳು ಈಗ ತಾನೇ ಪೊಲೀಸರ ಜೊತೆ ನಮ್ಮ ಕಿಟಕಿ ಕೆಳಗೇ ಹೋದ್ಳು. ನಾವು ಚುರುಟು ಸುತ್ತುತಾ ಇದೀವಿ."

ಬೆಂಚು ಎಳೆದ ಸದ್ದಾಯಿತು. ಒಂದು, ಆಮೇಲೆ ಇನ್ನೊಂದು, ಆಮೇಲೆ ಎಲ್ಲ. ಗಂಡಸರು ಸಾಲಾಗಿ ಇಳಿದು ನಮ್ಮ ಕಿಟಕಿಯ ಮುಂದೆ ಹಾದು ಹೋದರು. ನಮಗೆ ಅವರ ಬೂಟು ಮಾತ್ರ ಕಾಣುತ್ತಿತ್ತು. ಕೊನೆಯಲ್ಲಿ ಮಾರಿಯುಸ್. "ಇದಕ್ಕೆ ಸಂಘದ ಒಪ್ಪಿಗೆ ಇಲ್ಲ" ಎಂದು ಅವನು ಗಟ್ಟಿಯಾಗಿ ಹೇಳುತ್ತಾ ಹೋಗುತ್ತಿದ್ದ. ಹೇಳುತ್ತಾ ಎಲ್ಲರ ಜೊತೆ ಹೋಗುತ್ತಲೂ ಇದ್ದ.

ಹಡಗುಕಟ್ಟೆಯವರು ಆ ವಾರ ಮೊದಲೇ ಕುದಿಯುತ್ತಿದ್ದರು. ಜರ್ಮನರು ಅವರ ಬಾಗಿಲಿಗೆ ಬಂದೂಕಿನವರನ್ನು ನಿಲ್ಲಿಸಿದ್ದರು. ಅವತ್ತು ಸಂಜೆ ಅವರೂ ಹೊರಬಿದ್ದರು. ಮಾರನೆ ಬೆಳಿಗ್ಗೆ ಬಟ್ಟೆಯ ಗಿರಣಿ, ಕಬ್ಬಿಣದ ಎರಕದವರು, ಹಾಲಿನವರು. ಮುಷ್ಕರ ಶುರು ಮಾಡಿದ್ದು ತಾವೇ ಎಂದು ಹಡಗುಕಟ್ಟೆಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಅವರಿಗೆ ಬ್ಯಾಂಡ್ ಇದೆ, ಬಾವುಟ ಇದೆ.

ಲಾಸೆನ್ ಮೇಡಂ ಮಾತ್ರ ಕೆಲಸಕ್ಕೆ ಬಂದರು. ಮೇಸ್ತ್ರಿ ತಿಳಿಸಿದ್ದ. ಬೊದಿಲ್‌ಳ ಎರಡು ಲಂಗ, ಒಂದು ಕೋಟು ಗಂಟು ಕಟ್ಟಲು ಹೇಳಿದರು. ನಾನು ಕೈ ಮುಗಿಯಲಿಲ್ಲ, ಕಾಲಿಗೂ ಬೀಳಲಿಲ್ಲ. ಬಾಗಿಲಿಗೆ ಅಡ್ಡ ನಿಂತೆ. ಪೊಲೀಸರನ್ನು ಕರೆಯಬೇಕಾಗುತ್ತದೆ ಎಂದರು. ಬೊದಿಲ್ ಹೆದರಿ ತಾನೇ ಬೂಟು ಹಾಕಿಕೊಂಡಳು. ಅದನ್ನು ನೋಡಿದ ಮೇಲೆ ನಾನು ಬಾಗಿಲು ಬಿಟ್ಟು ಸರಿದೆ. ಅವರು ಅವಳ ಕೈ ಹಿಡಿದು ಹೊರಟರು. ನಾನು ಗಂಟು ಹಿಡಿದು ಹಿಂದೆ ಹಿಂದೆ ನಡೆದೆ. ಬೀದಿಯಲ್ಲಿ ಜನ ಗುಂಪುಗುಂಪಾಗಿ ನಿಂತಿದ್ದರು. ನನಗೆ ಯಾರ ಮುಖವೂ ಕಾಣಲಿಲ್ಲ, ಮಗಳ ಎರಡು ಜಡೆ ಕಾಣುತ್ತಿತ್ತು.

ಬಸ್ ನಿಲ್ದಾಣದಲ್ಲಿ ಬಸ್ಸಿತ್ತು. ಡ್ರೈವರ್ ಅದರ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ.

"ಎಷ್ಟು ಹೊತ್ತಿಗೆ ಬಿಡ್ತೀಯಪ್ಪಾ?" ಎಂದರು ಮೇಡಂ.

"ಬಿಡಲ್ಲ."

"ನಾನು ಮಂಡಳಿಯವಳು. ಸರ್ಕಾರದ ಕೆಲ್ಸ. ಈ ಮಗೂನ ಅನಾಥಾಲಯಕ್ಕೆ ಮುಟ್ಟಿಸ್ಬೇಕು."

ಅವನು ಬೊದಿಲ್‌ಳನ್ನು ನೋಡಿದ. ಹಿಂದೆ ನಿಂತಿದ್ದ ನನ್ನನ್ನೂ ನೋಡಿದ, ನನ್ನ ಕಂದು ಕೈಗಳನ್ನೂ ನೋಡಿದ. "ಯಾಕೆ? ತಾಯಿ ಇಲ್ವಾ?"

"ಇದ್ದಾಳೆ. ಕೆಲ್ಸ ಮಾಡ್ತಿಲ್ಲ. ಅದಕ್ಕೇ."

ಡ್ರೈವರ್ ಸಿಪ್ಪೆಯನ್ನು ಕಾಗದಕ್ಕೆ ಹಾಕಿಕೊಂಡ. ನಿಲ್ದಾಣದಲ್ಲಿ ನಿಂತಿದ್ದವರ ಕಡೆ ಒಮ್ಮೆ ಕಣ್ಣು ಹಾಯಿಸಿದ. ಗಿರಣಿಯವರು, ಎರಕದವರು, ಅಂಗಡಿ ಮುಚ್ಚಿ ಬಂದವರು.

"ಮೇಡಂ, ಇವತ್ತು ಈ ಊರಲ್ಲಿ ಯಾರೂ ಕೆಲ್ಸ ಮಾಡ್ತಿಲ್ಲ. ನಾನೂ ಮಾಡ್ತಿಲ್ಲ. ನನಗೆ ಮೂರು ಮಕ್ಳು. ಇವಳೊಬ್ಬಳನ್ನೇ ಒಯ್ಯೋದು ನ್ಯಾಯ ಅಲ್ಲ, ಒಯ್ದ್ರೆ ಎಲ್ಲರ ಮಕ್ಳನ್ನೂ ಒಯ್ಯಬೇಕು." ಅವನು ಹಿಂದೆ ತಿರುಗಿ ಬಸ್ಸಿನೊಳಗೆ ನೋಡಿದ. "ಜಾಗ ಸಾಲಲ್ಲ."

ಯಾರೂ ನಗಲಿಲ್ಲ. ಸುತ್ತಲಿನವರು ಸುಮ್ಮನೆ ನಿಂತು ಲಾಸೆನ್ ಮೇಡಂ ಅವರನ್ನೇ ನೋಡುತ್ತಿದ್ದರು. ಅವರು ಗಡಿಯಾರ ನೋಡಿಕೊಂಡರು. ಬಸ್ಸು ನೋಡಿದರು. ಬೆವರು ಒರೆಸಿಕೊಳ್ಳಲು ಕರವಸ್ತ್ರ ತೆಗೆಯಬೇಕಾಯಿತು, ಅದಕ್ಕೆ ಬೊದಿಲ್‌ಳ ಕೈ ಬಿಟ್ಟರು.

ಬೊದಿಲ್ ಓಡಲಿಲ್ಲ. ನಡೆದು ಬಂದು ನನ್ನ ಬೆರಳು ಹಿಡಿದಳು. "ಅಮ್ಮಾ, ಮನೆಗಾ?" ಎಂದು ಕೇಳಿದಳು.

ವಾಲ್ಬೋರ್ಗಕ್ಕ ಇನ್ನೂ ಪೊಲೀಸ್ ಠಾಣೆಯಲ್ಲಿದ್ದಳು.

"ಈಗಲೇ ಅಲ್ಲ" ಎಂದೆ. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾವಿಬ್ಬರೂ ಠಾಣೆಯ ಕಡೆ ನಡೆದೆವು. ಡ್ರೈವರ್ ಆಲೂಗಡ್ಡೆ ತಿಂದು ಮುಗಿಸಿ, ಬಸ್ಸಿನ ಬಾಗಿಲಿಗೆ ಬೀಗ ಹಾಕಿ ಹಿಂದೆ ಬಂದ. ಅವನ ಹಿಂದೆ ಉಳಿದವರೂ ಬಂದರು.